ಇಪ್ಪತ್ತೆರಡು ನಿಮಿಷದ ನಗು

ಪಾಂಡು ಹೆಂಡತಿಯಿಂದ ಏಟು ತಿನ್ನುತ್ತಿದ್ದದ್ದು ಬೆಂಗಳೂರಿನಲ್ಲಿ. ಆ ಏಟು ಕರ್ನಾಟಕದ ಮನೆಮನೆಗೆ ತಲುಪುತ್ತಿದ್ದದ್ದು ಹೈದರಾಬಾದಿನಿಂದ. ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಧಾರಾವಾಹಿಗಳು ರಾತ್ರಿಯ ಊಟದ ಜೊತೆಗಾರರಾಗಿದ್ದ ಈಟಿವಿ ಕನ್ನಡದ ಕಾಲವದು. ವಾಹಿನಿಯ ಹೆಸರಿನಲ್ಲಿ ಕನ್ನಡವಿತ್ತು, ಕಥೆ-ಕಲಾವಿದರು ಬೆಂಗಳೂರಿನವರಾಗಿದ್ದರು. ಆದರೆ ಪ್ರಸಾರದ ಗುಂಡಿ ಒತ್ತುತ್ತಿದ್ದ ಕೈ ಇದ್ದದ್ದು 550 ಕಿ.ಮೀ.ಗೂ ಹೆಚ್ಚು ದೂರದಲ್ಲಿ, ಹೈದರಾಬಾದ್‌–ವಿಜಯವಾಡ ಹೆದ್ದಾರಿಯ ಪಕ್ಕದ ರಾಮೋಜಿ ಫಿಲಂ ಸಿಟಿಯಲ್ಲಿ. 1996ರಲ್ಲಿ ಶುರುವಾಗಿ, ಜಗತ್ತಿನ ಅತಿ ದೊಡ್ಡ ಚಿತ್ರನಗರಿ ಎಂದು ಗಿನ್ನೆಸ್ ಪುಸ್ತಕ ಸೇರಿದ ಆ ಆವರಣದಿಂದಲೇ ರಾಮೋಜಿ ರಾವ್ ಅವರ ಈಟಿವಿ ಬಳಗದ ಹಲವು ಭಾಷೆಗಳ ವಾಹಿನಿಗಳು ಆಕಾಶಕ್ಕೆ ಏರುತ್ತಿದ್ದವು. ತೆಲುಗು ವಾಹಿನಿ 1995ರ ಆಗಸ್ಟ್ 27ರಂದು, ಕನ್ನಡ ವಾಹಿನಿ 2000ದ ಡಿಸೆಂಬರ್‌ನಲ್ಲಿ ಹುಟ್ಟಿದ್ದು.

ಹಾಗಾಗಿ ಬೆಂಗಳೂರಿನಲ್ಲಿ ಎಡಿಟಿಂಗ್, ಡಬ್ಬಿಂಗ್ ಎಲ್ಲ ಮುಗಿದ ಕಂತು ಹೈದರಾಬಾದ್ ಮುಟ್ಟಬೇಕಿತ್ತು. ಮುಟ್ಟಿದರೆ ಸಾಲದು, ಅಲ್ಲಿ ಅದಕ್ಕಾಗಿ ಕಾದಿರುತ್ತಿದ್ದ ಅರ್ಧ ಗಂಟೆಯ ಅಳತೆಗೆ ಸರಿಯಾಗಿ ಕೂರಬೇಕಿತ್ತು. ಒಂದು ನಿಮಿಷ ಹೆಚ್ಚಾದರೆ ಮುಂದಿನ ಕಾರ್ಯಕ್ರಮ ತಡವಾಗುತ್ತದೆ. ಒಂದು ನಿಮಿಷ ಕಡಿಮೆಯಾದರೆ ತೆರೆಯ ಮೇಲೆ ತುಂಬಲು ಏನಾದರೂ ಹುಡುಕಬೇಕು. ವಾಹಿನಿಗೆ ಕಾಲವೆಂದರೆ ಮಾರುವ ಸರಕು. ನಗಿಸುವವನಿಗೆ ಕಾಲವೆಂದರೆ ನಗು ಹುಟ್ಟುವ ಜಾಗ. ಈ ಎರಡರ ನಡುವೆ ಕತ್ತರಿ ಹಿಡಿದು ಕೂತವನು ಎಡಿಟರ್. ಹಾಸ್ಯ ಧಾರಾವಾಹಿಯೊಂದು ಹಳೆಯದಾಗಿ, ಮತ್ತೆ ಮರುಪ್ರಸಾರಕ್ಕೆ ಬಂದಾಗ ಆ ಕತ್ತರಿಯ ಕೆಲಸ ಇನ್ನೂ ಹೆಚ್ಚುತ್ತದೆ. ಪ್ರೇಕ್ಷಕರಿಗೆ ಅದು ಬಹುಮಟ್ಟಿಗೆ ಕಾಣಿಸುವುದೇ ಇಲ್ಲ. ‘ಆಗ ನಗು ಬರ್ತಿತ್ತು, ಈಗ್ಯಾಕೋ ಅಷ್ಟು ಬರಲ್ಲ’ ಎಂದು ಮನೆಯ ಹಿರಿಯರು ಅನ್ನುವಾಗ ವಯಸ್ಸನ್ನು ದೂರುವವರೇ ಹೆಚ್ಚು. ಕೆಲವೊಮ್ಮೆ ತಪ್ಪು ವಯಸ್ಸಿನದಲ್ಲ, ಕತ್ತರಿಯದು.

ಅರ್ಧ ಗಂಟೆಯ ಧಾರಾವಾಹಿ ಎಂದೂ ಅರ್ಧ ಗಂಟೆ ಇರುವುದಿಲ್ಲ. ನಮ್ಮಲ್ಲಿ ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ತೋರಿಸುವಂತಿಲ್ಲ. ಅದರಲ್ಲೂ 10 ನಿಮಿಷ ಹೊರಗಿನವರ ಜಾಹೀರಾತಿಗೆ, 2 ನಿಮಿಷ ವಾಹಿನಿಯ ಸ್ವಂತ ಪ್ರಚಾರಕ್ಕೆ. ಈ ಮಿತಿಯನ್ನು ಬಿಗಿಯಾಗಿ ಜಾರಿ ಮಾಡಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2013ರಲ್ಲಿ ಮುಂದಾದಾಗ ವಾಹಿನಿಗಳು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದವು. ನಿಯಮವನ್ನು ಅಕ್ಷರಶಃ ಪಾಲಿಸಿದರೂ ಅರ್ಧ ಗಂಟೆಯಲ್ಲಿ ಉಳಿಯುವುದು 24 ನಿಮಿಷ. ಅದರಲ್ಲಿ ಶೀರ್ಷಿಕೆ ಗೀತೆ, ‘ಹಿಂದಿನ ಸಂಚಿಕೆಯಲ್ಲಿ’, ಪ್ರಾಯೋಜಕರ ಹೆಸರು, ‘ಮುಂದಿನ ಸಂಚಿಕೆಯಲ್ಲಿ’, ಕೊನೆಯ ಹೆಸರುಪಟ್ಟಿ ಎಲ್ಲವನ್ನೂ ಕಳೆದ ಮೇಲೆ ಕಥೆಗೆ ದಕ್ಕುವುದು ಸುಮಾರು 22 ನಿಮಿಷ, ಕೆಲವೊಮ್ಮೆ ಅದೂ ಇಲ್ಲ. ನಮ್ಮ ಟೀವಿ ಚಿತ್ರ ಸೆಕೆಂಡಿಗೆ 25 ಫ್ರೇಮಿನಂತೆ ಓಡುತ್ತದೆ. 22 ನಿಮಿಷ ಎಂದರೆ 33,000 ಫ್ರೇಮು. ಒಂದೊಂದು ಫ್ರೇಮಿಗೂ ಟೈಮ್‌ಕೋಡ್ ಇರುತ್ತದೆ, ಲೆಕ್ಕ ಇರುತ್ತದೆ.

ಕನ್ನಡದ ಟೀವಿಯನ್ನು ಹೈದರಾಬಾದ್ ಅಳೆದು ಕೊಟ್ಟಿದ್ದು ಈಟಿವಿಯ ಕಾಲದಲ್ಲೇ ಮೊದಲಲ್ಲ. ಇದು ಇಂದಿನ ಅನೇಕರಿಗೆ ತಿಳಿಯದ ಸಂಗತಿ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ನಡೆದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳು ಟೀವಿ ಕಂಡವು. ಕರ್ನಾಟಕದ ಪಾಲಿಗೆ ಬಂದವು ಗುಲ್ಬರ್ಗ, ರಾಯಚೂರು, ವಿಜಾಪುರ ಸೀಮೆಯ ಹಳ್ಳಿಗಳು. ಆಗ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವೇ ಇರಲಿಲ್ಲ. ಈ ಪ್ರಯೋಗದ ಕಾರ್ಯಕ್ರಮ ತಯಾರಿಗೆ ದೆಹಲಿ, ಕಟಕ್ ಮತ್ತು ಹೈದರಾಬಾದಿನಲ್ಲಿ ಕೇಂದ್ರಗಳನ್ನು ತೆರೆದಿದ್ದರು. ತೆಲುಗು, ಕನ್ನಡ ಎರಡೂ ಹೈದರಾಬಾದಿನ ಪಾಲಿನವು. ಬೆಳಗಿನ ಒಂದೂವರೆ ಗಂಟೆಯ ಮಕ್ಕಳ ಕಾರ್ಯಕ್ರಮವನ್ನು ನಾಲ್ಕು ಭಾಷೆಗಳು ಹಂಚಿಕೊಳ್ಳಬೇಕಿತ್ತು. ಕನ್ನಡಕ್ಕೆ ಸಿಕ್ಕಿದ್ದು ಇಪ್ಪತ್ತೆರಡೂವರೆ ನಿಮಿಷ. ಸಂಜೆಯ ಹೊತ್ತು ತೆಲುಗು–ಕನ್ನಡಕ್ಕೆ ಚಿತ್ರ ಒಂದೇ, ಧ್ವನಿ ಮಾತ್ರ ಎರಡು: ಉಪಗ್ರಹದಲ್ಲಿ ಒಂದು ಚಿತ್ರಕ್ಕೆ ಎರಡು ಧ್ವನಿವಾಹಿನಿಗಳನ್ನು ಕಳಿಸುವ ಅನುಕೂಲವಿತ್ತು. ಕನ್ನಡದ ಮಾತು ಉದ್ದವಾದರೂ ಗಿಡ್ಡವಾದರೂ ತೆಲುಗಿನ ತುಟಿಯ ಜೊತೆ ಮುಗಿಯಬೇಕಿತ್ತು. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗದಲ್ಲಿ ಪ್ರಸಾರ ಗೋಪುರ ಎದ್ದಿತು. ಬೆಂಗಳೂರು ದೂರದರ್ಶನ ಬಂದದ್ದು 1981ರ ನವೆಂಬರ್ 1ಕ್ಕೆ. ಕನ್ನಡದ ಕಾರ್ಯಕ್ರಮ ಗಡಿಯಾರಕ್ಕೆ ಹೊಂದಿಕೊಳ್ಳಲು ಕಲಿತ ಮೊದಲ ಪಾಠಶಾಲೆ, ಹೀಗೆ, ನಿಜಾಮರ ಊರು.

ಅದೇ ಊರಿನ ತೆಲುಗರಿಗೆ ಹಾಸ್ಯ ಧಾರಾವಾಹಿ ಎಂದ ಕೂಡಲೇ ನೆನಪಾಗುವುದು ‘ಅಮೃತಂ’. 2001ರ ನವೆಂಬರ್‌ನಿಂದ 2007ರ ನವೆಂಬರ್‌ವರೆಗೆ ಜೆಮಿನಿ ಟೀವಿಯಲ್ಲಿ ಭಾನುವಾರ ರಾತ್ರಿ ಬರುತ್ತಿದ್ದ ಈ ಧಾರಾವಾಹಿಯನ್ನು ರೂಪಿಸಿ ನಿರ್ಮಿಸಿದವರು ಗುಣ್ಣಂ ಗಂಗರಾಜು. ಆರಂಭದ ಕಂತುಗಳನ್ನು ನಿರ್ದೇಶಿಸಿದ ಚಂದ್ರಶೇಖರ್ ಯೇಲೇಟಿ ಮುಂದೆ ಸಿನಿಮಾದಲ್ಲಿ ಹೆಸರು ಮಾಡಿದರು. ಅಮೃತರಾವ್ ಮತ್ತು ಆಂಜನೇಯುಲು ಎಂಬ ಇಬ್ಬರು ಗೆಳೆಯರು, ಅವರ ಅಮೃತ ವಿಲಾಸ ಎಂಬ ಹೋಟೆಲು, ಸರ್ವಂ ಎಂಬ ಸಪ್ಲೈಯರ್, ಬಾಡಿಗೆಗೆ ಪೀಡಿಸುವ ಮನೆ ಮಾಲೀಕ ಅಪ್ಪಾಜಿ. ಇಷ್ಟೇ ಬಂಡವಾಳ. ಆರು ವರ್ಷದಲ್ಲಿ ಅಮೃತರಾವ್ ಪಾತ್ರಕ್ಕೆ ಶಿವಾಜಿ ರಾಜಾ, ನರೇಶ್, ಹರ್ಷವರ್ಧನ್ ಎಂದು ಮೂವರು ನಟರು ಬದಲಾದರೂ ಜನ ಬಿಡಲಿಲ್ಲ. ಗೆಳೆಯ ಆಂಜನೇಯುಲು ಆಗಿದ್ದ ಗುಂಡು ಹನುಮಂತರಾವ್ ಮಾತ್ರ ಬದಲಾಗಲಿಲ್ಲ. 2018ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ತೆಲುಗರು ಕಳೆದುಕೊಂಡದ್ದು ಮನೆಯ ನೆಂಟನನ್ನು.

‘ಅಮೃತಂ’ ವಾರಕ್ಕೊಂದು ಕಂತು. ‘ಪಾಪ ಪಾಂಡು’ ದಿನಕ್ಕೊಂದು. ಈ ವ್ಯತ್ಯಾಸ ಸಣ್ಣದಲ್ಲ. ವಾರದ ಧಾರಾವಾಹಿಯಲ್ಲಿ ಬರೆಯುವವನಿಗೂ ಎಡಿಟ್ ಮಾಡುವವನಿಗೂ ಉಸಿರಾಡಲು ಬಿಡುವಿರುತ್ತದೆ. ಮಾತು ಕೂರದಿದ್ದರೆ ಇನ್ನೊಮ್ಮೆ ಕೂರಿಸಬಹುದು. ದಿನದ ಧಾರಾವಾಹಿಯಲ್ಲಿ ಈ ಹೊತ್ತು ಚಿತ್ರೀಕರಿಸಿದ್ದು ಇನ್ನು ಕೆಲವೇ ದಿನಗಳಲ್ಲಿ ತೆರೆಗೆ ಹೋಗಲೇಬೇಕು. ಆ ಓಟದ ನಡುವೆಯೂ ಸಿಹಿಕಹಿ ಚಂದ್ರು ಅವರ ತಂಡ ಪಾಂಡುವಾಗಿ ಚಿದಾನಂದ, ಶ್ರೀಮತಿಯಾಗಿ ಶಾಲಿನಿ ಅವರನ್ನು ನಿಲ್ಲಿಸಿ ಕಟ್ಟಿದ ನಗು ಇಂದಿಗೂ ಉಳಿದಿದೆ. ವಿಜಯಪ್ರಸಾದ್ ನಿರ್ದೇಶನದ ‘ಸಿಲ್ಲಿ ಲಲ್ಲಿ’ಯಲ್ಲಿ ಸಮಾಜ ಸೇವಕಿ ಲಲಿತಾಂಬೆಯಾಗಿ ಮಂಜುಭಾಷಿಣಿ, ಡಾಕ್ಟರ್ ವಿಠಲರಾವ್ ಆಗಿ ರವಿಶಂಕರ್ ಗೌಡ ಮಾಡಿದ ಪಾತ್ರಗಳು ಅವರ ನಿಜ ಹೆಸರಿಗಿಂತ ಹೆಚ್ಚು ಪ್ರಸಿದ್ಧವಾದವು. ಪಾತ್ರವೋ ಧಾರಾವಾಹಿಯೋ ನಟರ ಹೆಸರಿಗೇ ಅಂಟಿಕೊಳ್ಳುವುದು ಕನ್ನಡ ಟೀವಿಯಲ್ಲಿ ಹಳೆಯ ರೂಢಿ: ಸ್ವತಃ ಚಂದ್ರು ಮತ್ತು ಗೀತಾ ದಂಪತಿಗೆ ‘ಸಿಹಿಕಹಿ’ ಎಂಬ ಮನೆತನದ ಹೆಸರು ಬಂದದ್ದೂ ದೂರದರ್ಶನದ ಧಾರಾವಾಹಿಯಿಂದಲೇ.

ಈಗ ಕತ್ತರಿಯನ್ನು ಹತ್ತಿರದಿಂದ ನೋಡೋಣ. ಯಾವುದೇ ಮನೆಯ ಹಾಸ್ಯ ಧಾರಾವಾಹಿಯಲ್ಲಿ ಬರಬಹುದಾದ ಒಂದು ದೃಶ್ಯ. ಗಂಡ ರಾತ್ರಿ ತಡವಾಗಿ ಮನೆಗೆ ಬರುತ್ತಾನೆ. ಹೆಂಡತಿ ಚಪಾತಿ ಲಟ್ಟಿಸುತ್ತಿದ್ದಾಳೆ.

‘ಯಾಕ್ರೀ ಇಷ್ಟು ಲೇಟು?’

‘ಆಫೀಸಲ್ಲಿ ಮೀಟಿಂಗ್ ಕಣೇ. ಬಾಸ್ ಬಿಡಲೇ ಇಲ್ಲ.’

ಲಟ್ಟಣಿಗೆ ನಿಲ್ಲುತ್ತದೆ. ಅವಳು ತಲೆ ಎತ್ತುವುದಿಲ್ಲ. ಗಂಡ ಮೊದಲು ಲಟ್ಟಣಿಗೆ ನೋಡುತ್ತಾನೆ, ಆಮೇಲೆ ಬಾಗಿಲು ಎಷ್ಟು ದೂರ ಇದೆ ಎಂದು ನೋಡುತ್ತಾನೆ, ಆಮೇಲೆ ಮತ್ತೆ ಲಟ್ಟಣಿಗೆ. ನಾಲ್ಕು ಸೆಕೆಂಡು.

‘ನಿಮ್ಮ ಬಾಸು ಒಳಗೆ ಕೂತು ಕಾಫಿ ಕುಡೀತಿದ್ದಾರೆ.’

ಈ ದೃಶ್ಯದಲ್ಲಿ ಕಥೆ ಇರುವುದು ಮೂರು ಮಾತಿನಲ್ಲಿ. ನಗು ಇರುವುದು ಆ ನಾಲ್ಕು ಸೆಕೆಂಡಿನಲ್ಲಿ. ಸಿಕ್ಕಿಬಿದ್ದೆ ಎಂದು ಗಂಡನಿಗೆ ಗೊತ್ತಾಗಿದೆ, ಹೇಗೆ ಎಂದು ಗೊತ್ತಾಗಿಲ್ಲ, ನೋಡುವವರಿಗೂ ಗೊತ್ತಾಗಿಲ್ಲ. ಈಗ ಮರುಪ್ರಸಾರಕ್ಕೆ ಈ ಕಂತಿನಿಂದ ತೊಂಬತ್ತು ಸೆಕೆಂಡು ಉಳಿಸಬೇಕು ಎಂದುಕೊಳ್ಳಿ. ಇಡೀ ದೃಶ್ಯ ತೆಗೆದರೆ ಮುಂದಿನದು ಅರ್ಥವಾಗುವುದಿಲ್ಲ: ಬಾಸ್ ಮನೆಗೆ ಯಾವಾಗ ಬಂದ ಎಂಬ ಪ್ರಶ್ನೆ ಏಳುತ್ತದೆ. ಮಾತು ತೆಗೆಯುವಂತಿಲ್ಲ. ಹಾಗಾದರೆ ತೆಗೆಯಬಹುದಾದದ್ದು ಏನೂ ‘ನಡೆಯದ’ ಜಾಗ. ಟೈಮ್‌ಲೈನ್ ಮೇಲೆ ಆ ನಾಲ್ಕು ಸೆಕೆಂಡು ಖಾಲಿಯಾಗಿ ಕಾಣುತ್ತದೆ: ಧ್ವನಿಯ ಗೆರೆ ಮಟ್ಟಸ, ಯಾರೂ ಮಾತಾಡುತ್ತಿಲ್ಲ. ಎಡಿಟರ್ ಅದರಲ್ಲಿ ಮೂರು ಸೆಕೆಂಡು, ಎಂದರೆ 75 ಫ್ರೇಮು, ಹೊರಗೆಳೆಯುತ್ತಾನೆ. ಪ್ರಶ್ನೆ, ಸುಳ್ಳು, ಉತ್ತರ, ಒಂದರ ಬೆನ್ನಿಗೊಂದು. ಇಂಥ ಮೂವತ್ತು ಜಾಗ ಹುಡುಕಿದರೆ ತೊಂಬತ್ತು ಸೆಕೆಂಡು ಸಿಕ್ಕಿತು. ಕಥೆಯ ಒಂದು ಎಳೆಯೂ ಹೋಗಲಿಲ್ಲ. ನಗು ಮಾತ್ರ ಮೂವತ್ತು ಕಡೆ ಹೋಯಿತು.

ಹಾಸ್ಯಕ್ಕೂ ಉಳಿದ ಧಾರಾವಾಹಿಗಳಿಗೂ ಇರುವ ವ್ಯತ್ಯಾಸ ಇಲ್ಲಿದೆ. ಅತ್ತೆ–ಸೊಸೆ ಕಥೆಯಲ್ಲಿ ಗುಡುಗಿನ ಸದ್ದಿಗೆ ಒಂದೇ ಮುಖವನ್ನು ಮೂರು ಸಲ ತೋರಿಸುತ್ತಾರೆ; ಎರಡನ್ನು ತೆಗೆದರೆ ಯಾರಿಗೂ ನಷ್ಟವಿಲ್ಲ, ಲಾಭವೇ. ಹಾಸ್ಯದಲ್ಲಿ ಮೌನವೂ ಸಂಭಾಷಣೆ. ರಂಗಭೂಮಿಯಿಂದ ಬಂದ ನಟರಿಗೆ ಇದು ರಕ್ತದಲ್ಲೇ ಇರುತ್ತದೆ. ಮಾಸ್ಟರ್ ಹಿರಣ್ಣಯ್ಯನವರ ನಾಟಕ ನೋಡಿದವರಿಗೆ ಗೊತ್ತು, ಮಾತಿನ ಮಳೆ ಸುರಿಸುತ್ತಿದ್ದ ಅವರು ಒಂದು ಕ್ಷಣ ಸುಮ್ಮನೆ ನಿಂತು ಸಭೆಯನ್ನು ನೋಡಿದರೆ ಸಾಕು, ಸಭಾಂಗಣ ಸಿಡಿಯುತ್ತಿತ್ತು. ಆ ನಿಲುಗಡೆಯನ್ನು ‘ಏನೂ ಇಲ್ಲದ ಜಾಗ’ ಎಂದು ಕತ್ತರಿಸಿದರೆ ಉಳಿಯುವುದು ಭಾಷಣ.

ಕತ್ತರಿ ಮೊದಲು ಬೀಳುವುದು ಎಲ್ಲಿ ಎಂದರೆ ಶೀರ್ಷಿಕೆ ಗೀತೆಯ ಮೇಲೆ. ಕಥೆಗೆ ಸಂಬಂಧವಿಲ್ಲ, ಎಲ್ಲರಿಗೂ ಬಾಯಿಪಾಠ, ತೆಗೆದರೇನು ಎಂಬ ವಾದ. ಆದರೆ ಕನ್ನಡ ಟೀವಿಯಲ್ಲಿ ಶೀರ್ಷಿಕೆ ಗೀತೆ ಸಣ್ಣ ಸಂಗತಿಯಲ್ಲ. ಟಿ.ಎನ್. ಸೀತಾರಾಮ್ ಅವರ ‘ಮುಕ್ತ’ಕ್ಕೆ ಹಾಡು ಬರೆದವರು ಎಚ್.ಎಸ್. ವೆಂಕಟೇಶಮೂರ್ತಿ. ‘ಅಮೃತಂ’ ಹಾಡು ಸಿರಿವೆನ್ನೆಲ ಸೀತಾರಾಮ ಶಾಸ್ತ್ರಿಗಳದು, ಸಂಗೀತ ಕಲ್ಯಾಣಿ ಮಾಲಿಕ್ ಅವರದು. ಸಂಕಟಕ್ಕೆ ಹೆದರಬೇಡ ಎಂದು ಗೆಳೆಯನಿಗೆ ಧೈರ್ಯ ಹೇಳುವ ಆ ಹಾಡನ್ನು ಧಾರಾವಾಹಿ ನಿಂತು ವರ್ಷಗಳಾದ ಮೇಲೂ ತೆಲುಗರು ಗುನುಗುತ್ತಾರೆ. ‘ಮಾಲ್ಗುಡಿ ಡೇಸ್’ ಎಂದರೆ ಅನೇಕರಿಗೆ ಕಥೆಗೆ ಮೊದಲು ನೆನಪಾಗುವುದು ಆರ್.ಕೆ. ಲಕ್ಷ್ಮಣ್ ಅವರ ಗೆರೆಗಳ ಮೇಲೆ ಬರುವ ಎಲ್. ವೈದ್ಯನಾಥನ್ ಅವರ ಸಂಗೀತ. ಅಡುಗೆಮನೆಯಲ್ಲಿದ್ದವರನ್ನು ಟೀವಿ ಮುಂದೆ ಕರೆಯುತ್ತಿದ್ದದ್ದು ಆ ಹಾಡುಗಳೇ. ಕೂತ ಮೇಲೆ ಮನಸ್ಸನ್ನು ನಗುವಿಗೆ ಅಣಿ ಮಾಡುತ್ತಿದ್ದದ್ದೂ ಅವೇ.

ಎರಡನೆಯ ಬಲಿ ಕೊನೆಯ ಹೆಸರುಪಟ್ಟಿ. ಅದು ಈಗ ಓದಲಾಗದ ವೇಗದಲ್ಲಿ ಓಡುತ್ತದೆ, ಇಲ್ಲವೇ ಪರದೆಯ ಮೂಲೆಗೆ ಸರಿದು ಪಕ್ಕದಲ್ಲಿ ಮುಂದಿನ ಕಾರ್ಯಕ್ರಮದ ಪ್ರೋಮೊ ಬರುತ್ತದೆ. ಕ್ಯಾಮೆರಾ ಸಹಾಯಕ, ಮೇಕಪ್‌ನವರು, ಸಂಭಾಷಣೆ ಬರೆದವರು: ಇವರಲ್ಲಿ ಬಹಳ ಮಂದಿಗೆ ತಮ್ಮ ಕೆಲಸಕ್ಕೆ ಇರುವ ಏಕೈಕ ಸಾರ್ವಜನಿಕ ದಾಖಲೆ ಆ ಪಟ್ಟಿ. ಹದಿನೈದು ಸೆಕೆಂಡಿಗಾಗಿ ಅದನ್ನು ಅಳಿಸುವುದು ಅನ್ಯಾಯ, ಅದಕ್ಕೆ ಬೇರೆ ಮಾತಿಲ್ಲ.

ಮೂರನೆಯದು ಬಾಲದ ತುಣುಕು. ಕಥೆ ಮುಗಿದ ಮೇಲೆ, ಹೆಸರುಗಳ ಮೊದಲು ಬರುವ ಅರ್ಧ ನಿಮಿಷದ ಚುಟುಕು ದೃಶ್ಯ. ಅಮೆರಿಕದ ಹಾಸ್ಯ ಧಾರಾವಾಹಿಗಳ ಬರಹಗಾರರು ಅತಿ ಮುದ್ದಿನಿಂದ ಬರೆಯುತ್ತಿದ್ದದ್ದು ಅದನ್ನೇ, ಮರುಪ್ರಸಾರದಲ್ಲಿ ನಿರಾಯಾಸವಾಗಿ ಹಾರಿಹೋಗುತ್ತಿದ್ದದ್ದೂ ಅದೇ.

ಅಮೆರಿಕದ ಮಾತು ಬಂತಲ್ಲ, ಈ ಕತ್ತರಿ ಪ್ರಯೋಗದ ದೊಡ್ಡ ಅಂಗಡಿ ಇರುವುದೇ ಅಲ್ಲಿ. 1951ರಿಂದ 1957ರವರೆಗೆ ಬಂದ ‘ಐ ಲವ್ ಲೂಸಿ’ಯ ಕಂತು ಸುಮಾರು 26 ನಿಮಿಷ ಇರುತ್ತಿತ್ತು. ತೊಂಬತ್ತರ ದಶಕದ ‘ಫ್ರೆಂಡ್ಸ್’, ‘ಸೈನ್‌ಫೆಲ್ಡ್’ ಹೊತ್ತಿಗೆ ಅದು 22ಕ್ಕೆ ಇಳಿದಿತ್ತು. ಜಾಹೀರಾತು ಬೆಳೆದಂತೆ ಕಥೆ ಕುಗ್ಗಿತು. ಹಾಗಾಗಿ ಹಳೆಯ ಧಾರಾವಾಹಿಯನ್ನು ಹೊಸ ಕಾಲದ ಅರ್ಧ ಗಂಟೆಗೆ ತುರುಕಬೇಕಾದರೆ ನಾಲ್ಕು ನಿಮಿಷ ಹೋಗಲೇಬೇಕು. ಲೂಸಿಯ ವಿಷಯದಲ್ಲಿ ಶೀರ್ಷಿಕೆಯೇ ಬದಲಾಯಿತು: ಮೂಲದಲ್ಲಿ ಪ್ರಾಯೋಜಕರಾದ ಫಿಲಿಪ್ ಮಾರಿಸ್ ಸಿಗರೇಟಿನ ಜೊತೆ ಕಡ್ಡಿಗೊಂಬೆಗಳ ಕಾರ್ಟೂನು ಇರುತ್ತಿತ್ತು, ಮರುಪ್ರಸಾರಕ್ಕಾಗಿ ಸ್ಯಾಟಿನ್ ಬಟ್ಟೆಯ ಮೇಲಿನ ಹೃದಯದ ಚಿತ್ರ ತಂದರು. ಇಂದು ಆ ಧಾರಾವಾಹಿ ಎಂದರೆ ಜಗತ್ತಿಗೆ ನೆನಪಾಗುವುದು ಆ ಹೃದಯವೇ. ಮೊದಲ ಸಲ ನೋಡಿದವರು ಅದನ್ನು ಕಂಡೇ ಇರಲಿಲ್ಲ.

ಕತ್ತರಿಸದೆಯೂ ಸಮಯ ಉಳಿಸುವ ಉಪಾಯ ಇನ್ನೊಂದು: ಓಡಿಸುವುದು. 2015ರ ಫೆಬ್ರವರಿಯಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ, ಅಮೆರಿಕದ ಕೇಬಲ್ ವಾಹಿನಿಗಳು ಹೆಚ್ಚು ಜಾಹೀರಾತು ತುಂಬಲು ಹಳೆಯ ಕಾರ್ಯಕ್ರಮಗಳನ್ನು ವೇಗವಾಗಿ ಓಡಿಸುತ್ತಿವೆ ಎಂದು ಬರೆಯಿತು. ಟಿಬಿಎಸ್ ವಾಹಿನಿಯಲ್ಲಿ ಬರುತ್ತಿದ್ದ ‘ಸೈನ್‌ಫೆಲ್ಡ್’ ಸುಮಾರು ಶೇ 7ರಷ್ಟು ಬಿರುಸಾಗಿ ಓಡುತ್ತಿದೆ ಎಂದು ಹಳೆಯ ರೆಕಾರ್ಡಿಂಗನ್ನು ಪಕ್ಕದಲ್ಲಿಟ್ಟು ತೋರಿಸಿದ್ದು ಒಬ್ಬ ಸಾಮಾನ್ಯ ಪ್ರೇಕ್ಷಕ. ಲೆಕ್ಕ ಹಾಕಿ ನೋಡಿ: 22 ನಿಮಿಷದ ಕಂತನ್ನು ಶೇ 7ರಷ್ಟು ವೇಗವಾಗಿ ಓಡಿಸಿದರೆ ಸುಮಾರು 86 ಸೆಕೆಂಡು ಉಳಿಯುತ್ತದೆ. ಅರ್ಧ ನಿಮಿಷದ ಮೂರು ಜಾಹೀರಾತಿಗೆ ಹೆಚ್ಚುಕಮ್ಮಿ ಸಾಕು. ಧ್ವನಿ ಕೀರಲಾಗದಂತೆ ಸರಿಪಡಿಸುವ ಯಂತ್ರಗಳಿವೆ, ಆದ್ದರಿಂದ ಕಿವಿಗೆ ಕೂಡಲೇ ತಿಳಿಯುವುದಿಲ್ಲ. ಆದರೂ ಏನೋ ಸರಿಯಿಲ್ಲ ಅನಿಸುತ್ತದೆ. ಜನ ನಡೆಯುವುದರಲ್ಲಿ ಅವಸರ, ಬಾಗಿಲು ಮುಚ್ಚುವುದರಲ್ಲಿ ಅವಸರ, ಮಾತಿಗೆ ಮಾತು ತಾಗುವುದರಲ್ಲಿ ಅವಸರ.

ಮೂರನೆಯ ಬಗೆಯ ಕತ್ತರಿ ಸಮಯದ್ದಲ್ಲ, ಜಾಗದ್ದು. ಪರಿಣಾಮ ಮಾತ್ರ ಒಂದೇ. ಹಳೆಯ ಟೀವಿಯ ಚೌಕಾಕಾರದ ಚಿತ್ರವನ್ನು ಇಂದಿನ ಅಗಲ ಪರದೆಗೆ ತುಂಬಿಸಲು ಮೇಲೆ ಕೆಳಗೆ ಕತ್ತರಿಸುತ್ತಾರೆ. 2021ರ ಅಕ್ಟೋಬರ್‌ನಲ್ಲಿ ‘ಸೈನ್‌ಫೆಲ್ಡ್’ ನೆಟ್‌ಫ್ಲಿಕ್ಸ್‌ಗೆ ಬಂದಾಗ ರಸ್ತೆಗುಂಡಿಯ ಬಗ್ಗೆಯೇ ಇರುವ ಕಂತಿನಲ್ಲಿ ಗೆಳೆಯರಿಬ್ಬರು ಬಗ್ಗಿ ನೋಡುತ್ತಿದ್ದ ಗುಂಡಿ ಚಿತ್ರದಿಂದಲೇ ಮಾಯವಾಗಿತ್ತು. 2019ರಲ್ಲಿ ಡಿಸ್ನಿ ಪ್ಲಸ್‌ನಲ್ಲಿ ‘ದಿ ಸಿಂಪ್ಸನ್ಸ್’ಗೂ ಇದೇ ಗತಿಯಾಯಿತು: ಮೂರು ಬೇರೆ ಬೇರೆ ಬಿಯರು ಒಂದೇ ಕೊಳವೆಯಿಂದ ಬರುತ್ತಿದೆ ಎಂಬ ನಗೆಯ ಚಿತ್ರದಲ್ಲಿ ಆ ಕೊಳವೆಯೇ ಕಾಣದಾಯಿತು. ಅಭಿಮಾನಿಗಳು ಗಲಾಟೆ ಎಬ್ಬಿಸಿದರು; ಮರು ವರ್ಷ ಮೂಲ ಅಳತೆಯ ಚಿತ್ರವನ್ನೂ ಕೊಡಬೇಕಾಯಿತು. ಗಲಾಟೆ ಮಾಡಿದರೆ ಫಲವಿದೆ ಎಂಬುದಕ್ಕೆ ಇದು ಸಾಕ್ಷಿ, ನಮ್ಮ ಪ್ರೇಕ್ಷಕರು ನೆನಪಿಡಬೇಕಾದ ಸಾಕ್ಷಿ.

ಕೋರ್ಟಿನವರೆಗೆ ಹೋಗಿ ಗೆದ್ದವರೂ ಇದ್ದಾರೆ. ಬ್ರಿಟನ್ನಿನ ಮಾಂಟಿ ಪೈಥಾನ್ ತಂಡದ ಅರ್ಧರ್ಧ ಗಂಟೆಯ ಮೂರು ಕಂತುಗಳನ್ನು ಅಮೆರಿಕದ ಎಬಿಸಿ ವಾಹಿನಿ 1975ರ ಅಕ್ಟೋಬರ್‌ನಲ್ಲಿ ಒಟ್ಟಿಗೆ ಸೇರಿಸಿ ಒಂದೂವರೆ ಗಂಟೆಯ ವಿಶೇಷ ಕಾರ್ಯಕ್ರಮವಾಗಿ ತೋರಿಸಿತು. ಬಿಬಿಸಿಯಲ್ಲಿ ಜಾಹೀರಾತು ಇಲ್ಲ, ಹಾಗಾಗಿ ಮೂಲ ಕಂತುಗಳು ಭರ್ತಿ ಅಳತೆಯವು. ಎಬಿಸಿ 90 ನಿಮಿಷದಲ್ಲಿ 24 ನಿಮಿಷ ಕಿತ್ತು ಹಾಕಿತ್ತು: ಒಂದಿಷ್ಟು ಜಾಹೀರಾತಿಗಾಗಿ, ಒಂದಿಷ್ಟು ಸಭ್ಯತೆಯ ಹೆಸರಿನಲ್ಲಿ. ಡಿಸೆಂಬರಿನಲ್ಲಿ ಇನ್ನೊಂದು ಇಂಥದೇ ಕಾರ್ಯಕ್ರಮ ತಯಾರಾಗಿದೆ ಎಂದು ಗೊತ್ತಾದಾಗ ಟೆರ್ರಿ ಗಿಲಿಯಂ, ಮೈಕಲ್ ಪೇಲಿನ್ ಮತ್ತು ಗೆಳೆಯರು ನ್ಯೂಯಾರ್ಕಿನಲ್ಲಿ ದಾವೆ ಹೂಡಿದರು. 1976ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. ಅಂಗಹೀನವಾದ ಕೃತಿಯನ್ನು ಮೂಲ ಲೇಖಕರ ಹೆಸರಿನಲ್ಲಿ ತೋರಿಸುವುದು ಅವರ ಹೆಸರಿಗೆ ಧಕ್ಕೆ ಎಂಬುದು ಆ ತೀರ್ಪಿನ ತಿರುಳು.

ನಮ್ಮ ಕಾನೂನು ಇದರಲ್ಲಿ ಎರಡು ದಿಕ್ಕಿಗೆ ಮುಖ ಮಾಡಿ ನಿಂತಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 57ನೇ ಕಲಮು ಲೇಖಕರಿಗೆ ರಕ್ಷಣೆ ಕೊಡುತ್ತದೆ: ಹಕ್ಕನ್ನು ಮಾರಿದ ಮೇಲೂ, ಕೃತಿಯನ್ನು ವಿರೂಪಗೊಳಿಸಿ ಗೌರವಕ್ಕೆ ಕುಂದು ತಂದರೆ ಅವರು ತಡೆಯಬಹುದು. ಮನ್ನು ಭಂಡಾರಿ ತಮ್ಮ ಕಾದಂಬರಿಯ ಸಿನಿಮಾ ರೂಪದ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋದದ್ದು ಈ ಕಲಮನ್ನು ಹಿಡಿದೇ. ಆದರೆ 2012ರ ತಿದ್ದುಪಡಿಯಲ್ಲಿ ನಟರಂಥ ಪ್ರದರ್ಶಕ ಕಲಾವಿದರಿಗೂ ನೈತಿಕ ಹಕ್ಕು ಕೊಡಲು 38-ಬಿ ಎಂಬ ಹೊಸ ಕಲಮು ಸೇರಿದಾಗ, ಅದರ ಕೆಳಗೆ ಒಂದು ವಿವರಣೆಯೂ ಬಂತು. ಎಡಿಟಿಂಗಿಗಾಗಿ, ಅಥವಾ ಸೀಮಿತ ಅವಧಿಯೊಳಗೆ ಕೂರಿಸುವುದಕ್ಕಾಗಿ ಕಲಾವಿದರ ಪ್ರದರ್ಶನದ ಭಾಗವನ್ನು ಬರಿದೆ ತೆಗೆದರೆ ಅದು ಅವರ ಹೆಸರಿಗೆ ಧಕ್ಕೆಯಲ್ಲ ಎಂದು ಆ ವಿವರಣೆ ಹೇಳುತ್ತದೆ. ವಾಹಿನಿಗಳಿಗೆ ಇದಕ್ಕಿಂತ ಅನುಕೂಲದ ಮಾತು ಬೇಕಿಲ್ಲ. ಲಟ್ಟಣಿಗೆ ನೋಡುತ್ತಾ ನಿಂತ ಗಂಡನ ಆ ಮೂರು ಸೆಕೆಂಡನ್ನು ತೆಗೆದುಹಾಕಲು ಪಾರ್ಲಿಮೆಂಟೇ ಅನುಮತಿ ಕೊಟ್ಟಂತಾಯಿತು.

ಇದು ತಪ್ಪು ಎನ್ನಲೇಬೇಕು. ಸುದ್ದಿಯಲ್ಲೋ ಸಂದರ್ಶನದಲ್ಲೋ ಅವಧಿಗಾಗಿ ಕತ್ತರಿಸುವುದು ಅನಿವಾರ್ಯ ಇರಬಹುದು. ಹಾಸ್ಯನಟನ ಕಲೆ ಇರುವುದೇ ಅವಧಿಯಲ್ಲಿ. ಎಷ್ಟು ಹೊತ್ತು ಸುಮ್ಮನಿರಬೇಕು, ಯಾವ ಕ್ಷಣಕ್ಕೆ ತಿರುಗಬೇಕು ಎಂಬುದೇ ಅವನ ವಿದ್ಯೆ. ಅದನ್ನು ತೆಗೆದು ‘ಹೆಸರಿಗೆ ಧಕ್ಕೆಯಿಲ್ಲ’ ಎನ್ನುವುದು ಗಾಯಕನ ತಾಳ ತಪ್ಪಿಸಿ ಸ್ವರ ಹಾಗೇ ಇದೆಯಲ್ಲ ಎಂದಂತೆ.

ಕನ್ನಡದ ಮಟ್ಟಿಗೆ ಕತ್ತರಿಗಿಂತ ಎಳೆತವೇ ದೊಡ್ಡ ರೋಗ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ನಿಜವಿದೆ. ಕಂತು ಸಾಲದಿದ್ದಾಗ ಹಿಂದಿನ ದಿನದ ಮೂರು ನಿಮಿಷವನ್ನು ಮತ್ತೆ ತೋರಿಸುವುದು, ಎರಡು ಕಂತು ಜೋಡಿಸಿ ‘ಮಹಾಸಂಚಿಕೆ’ ಎನ್ನುವುದು, ಪ್ರತಿ ಮಾತಿಗೂ ‘ಟೊಂಯ್’ ಸದ್ದು ತುಂಬುವುದು ಎಲ್ಲವೂ ನಡೆದಿದೆ. ಆದರೆ ಎಳೆತ, ಕತ್ತರಿ ಎರಡೂ ಒಂದೇ ತಾಯಿಯ ಮಕ್ಕಳು. ಎರಡರಲ್ಲೂ ಅಳತೆ ಹೇಳುವುದು ದೃಶ್ಯವಲ್ಲ, ಪ್ರಸಾರದ ವೇಳೆಯ ಚಾರ್ಟು. ಒಂದರಲ್ಲಿ ನಗು ಹಳಸುತ್ತದೆ, ಇನ್ನೊಂದರಲ್ಲಿ ಹುಟ್ಟುವುದೇ ಇಲ್ಲ.

ಈಗ ಹೈದರಾಬಾದಿಗೆ ಮರಳಬೇಕು, ಏಕೆಂದರೆ ಮುಖ್ಯ ಪ್ರಶ್ನೆ ಟೇಪುಗಳದು. ಈಟಿವಿ ಬಳಗದ ತೆಲುಗೇತರ ವಾಹಿನಿಗಳನ್ನು ನೆಟ್‌ವರ್ಕ್ 18 ಕೊಂಡುಕೊಳ್ಳುವ ಒಪ್ಪಂದ 2012ರಲ್ಲಿ ಪ್ರಕಟವಾಗಿ 2014ರಲ್ಲಿ ಪೂರ್ಣಗೊಂಡಿತು. 2015ರ ಏಪ್ರಿಲ್‌ನಲ್ಲಿ ಈಟಿವಿ ಕನ್ನಡ ‘ಕಲರ್ಸ್ ಕನ್ನಡ’ ಆಯಿತು. 2018ರಲ್ಲಿ ‘ಪಾಪ ಪಾಂಡು’ ಹೊಸ ರೂಪದಲ್ಲಿ ಕಲರ್ಸ್ ಸೂಪರ್ ವಾಹಿನಿಗೆ ಬಂದಾಗ ಶಾಲಿನಿ ಮತ್ತೆ ಶ್ರೀಮತಿಯಾದರು. ‘ಸಿಲ್ಲಿ ಲಲ್ಲಿ’ಯೂ ಅದೇ ವಾಹಿನಿಯಲ್ಲಿ ಮರಳಿತು. ಜನರಿಗೆ ಹಳೆಯದರ ಮೇಲೆ ಎಷ್ಟು ಪ್ರೀತಿಯಿದೆ ಎಂಬುದು ಆಗಲೇ ರುಜುವಾತಾಯಿತು. ಆದರೆ ಹಳೆಯದೇ ಬೇಕೆಂದವರು ಇಂದು ಹೋಗುವುದು ಯೂಟ್ಯೂಬಿಗೆ, ಅಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಐದಾರು ನಿಮಿಷದ ತುಣುಕು: ಹೊಡೆತದ ದೃಶ್ಯ ಮಾತ್ರ, ಹೊಡೆತಕ್ಕೆ ಕಾರಣವಾದ ಸುಳ್ಳು ಇಲ್ಲ. ಇಪ್ಪತ್ತು ನಿಮಿಷ ಹೆಣೆದ ಎಳೆ ಕೊನೆಯ ಎರಡು ನಿಮಿಷದಲ್ಲಿ ಬಿಚ್ಚಿಕೊಳ್ಳುವುದೇ ಮನೆಹಾಸ್ಯದ ಕಟ್ಟುವಿಕೆ. ಬಿಚ್ಚಿಕೊಂಡದ್ದನ್ನು ಮಾತ್ರ ತೋರಿಸಿದರೆ ಹೊಸ ತಲೆಮಾರಿಗೆ ಪಾಂಡು ಸುಮ್ಮನೆ ಏಟು ತಿನ್ನುವ ಮನುಷ್ಯನಾಗಿ ಕಾಣುತ್ತಾನೆ.

ಮೂಲ ಟೇಪು ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬಿಬಿಸಿಯೇ ಪಾಠ. ಟೇಪು ದುಬಾರಿ ಎಂದು ಅರವತ್ತು–ಎಪ್ಪತ್ತರ ದಶಕದಲ್ಲಿ ಅಳಿಸಿ ಮತ್ತೆ ಬಳಸಿದ್ದರಿಂದ ಅವರ ಅಚ್ಚುಮೆಚ್ಚಿನ ಹಾಸ್ಯ ಧಾರಾವಾಹಿ ‘ಡ್ಯಾಡ್ಸ್ ಆರ್ಮಿ’ಯ ಮೂರು ಕಂತುಗಳು ಇಂದಿಗೂ ಸಿಕ್ಕಿಲ್ಲ. ನಮ್ಮ ದೂರದರ್ಶನದಲ್ಲೂ ಟೇಪನ್ನು ಅಳಿಸಿ ಮರುಬಳಸುವ ಪದ್ಧತಿಗೆ ಬಲಿಯಾದ ಕಾರ್ಯಕ್ರಮಗಳು ಕಡಿಮೆಯಲ್ಲ. 2020ರ ಲಾಕ್‌ಡೌನಿನಲ್ಲಿ ‘ದೇಖ್ ಭಾಯಿ ದೇಖ್’ನಂಥ ಹಳೆಯ ಹಾಸ್ಯ ಧಾರಾವಾಹಿಗಳು ಮರಳಿ ಬಂದು ಜನ ಮುಗಿಬಿದ್ದು ನೋಡಿದಾಗ, ಉಳಿದುಕೊಂಡಿದ್ದ ಟೇಪಿನ ಬೆಲೆ ಗೊತ್ತಾಯಿತು. ಆದರೆ ಮ್ಯಾಗ್ನೆಟಿಕ್ ಟೇಪಿಗೆ ಆಯುಷ್ಯವಿದೆ, ಅದನ್ನು ಓಡಿಸುವ ಯಂತ್ರಗಳು ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿವೆ.

‘ಅಮೃತಂ’ ಈ ವಿಷಯದಲ್ಲಿ ಅದೃಷ್ಟವಂತ ಧಾರಾವಾಹಿ. ಅದರ ಕಂತುಗಳು ಯೂಟ್ಯೂಬಿನಲ್ಲಿ ಇಡಿಯಾಗಿ, ಹಾಡಿನ ಸಮೇತ ಸಿಗುತ್ತವೆ. ಟೀವಿಯಲ್ಲಿ ನೋಡಿರದ ಹುಡುಗರೂ ಅದರ ಮಾತುಗಳನ್ನು ಆಡುತ್ತಾರೆ. ಅದರ ಮುಂದುವರಿಕೆ ‘ಅಮೃತಂ ದ್ವಿತೀಯಂ’ ಜೀ5ರಲ್ಲಿ ಶುರುವಾದದ್ದು 2020ರ ಮಾರ್ಚ್ 25ರಂದು: ಆ ದಿನ ಯುಗಾದಿ, ದೇಶವ್ಯಾಪಿ ಲಾಕ್‌ಡೌನಿನ ಮೊದಲ ದಿನವೂ ಹೌದು. ಅಂತರ್ಜಾಲದಲ್ಲಿ ಅರ್ಧ ಗಂಟೆಗೆ ಸರಿಯಾಗಿ ಮುಗಿಯಬೇಕೆಂಬ ನಿಯಮವಿಲ್ಲ. ಕಂತು ಹದಿನೆಂಟು ನಿಮಿಷ ಇರಬಹುದು, ಇಪ್ಪತ್ತೇಳು ಇರಬಹುದು.

ಇದೇ ಅನುಕೂಲ ಪಾಂಡುವಿಗೂ ಲಲಿತಾಂಬೆಗೂ ಸಿಗಬೇಕು. ಟೀವಿಯಲ್ಲಿ ಮರುಪ್ರಸಾರ ಮಾಡುವಾಗ ವಾಹಿನಿಗೆ ಜಾಹೀರಾತು ಬೇಕು, ಅದನ್ನು ಯಾರೂ ಬೇಡವೆನ್ನುವುದಿಲ್ಲ. ಕತ್ತರಿಸಿದ ಕಂತಿನ ಮೊದಲಿಗೆ ‘ಸಂಕ್ಷಿಪ್ತ ರೂಪ’ ಎಂದು ಒಂದು ಸಾಲು ಹಾಕಲು ಎರಡು ಸೆಕೆಂಡು ಸಾಕು. ಕತ್ತರಿಸದ ಮೂಲವನ್ನು ಶೀರ್ಷಿಕೆ ಗೀತೆ, ಹೆಸರುಪಟ್ಟಿ ಸಹಿತ ಡಿಜಿಟಲ್‌ಗೆ ಇಳಿಸಿ ಆ್ಯಪ್‌ನಲ್ಲಿ ಇಡುವುದಕ್ಕೆ ಪ್ರಸಾರದ ಚಾರ್ಟಿನ ಅಡ್ಡಿಯಿಲ್ಲ. ಎಲ್ಲಿ ಎಷ್ಟು ಹೊತ್ತು ಸುಮ್ಮನಿದ್ದರು ಎಂದು ಹೇಳಬಲ್ಲ ನಿರ್ದೇಶಕರು, ಬರಹಗಾರರು, ನಟರು ಬೆಂಗಳೂರಿನಲ್ಲಿ ಇನ್ನೂ ಕೆಲಸ ಮಾಡುತ್ತಿದ್ದಾರೆ. ಅವರನ್ನು ಎಡಿಟಿಂಗ್ ಮೇಜಿನ ಪಕ್ಕ ಕೂರಿಸಿಕೊಂಡು ಆ ಕೆಲಸ ಶುರು ಮಾಡುವುದಾದರೆ, ಅದಕ್ಕೆ ಬೇಕಾದ ಟೇಪುಗಳ ಪಟ್ಟಿ ತಯಾರಿಸುವುದು ಮೊದಲ ಹೆಜ್ಜೆ.